ನಮ್ಮೂರಲ್ಲಿ ತೊಂಬತ್ತೊಂಬತ್ತಕ್ಕೆ ಏನಂತಾರೆ?

ಕೇರಳದ ಆಲುವಾದಲ್ಲಿ ನಾನಿರುವ ಬೀದಿಯ ಕೊನೆಗೆ ಒಂದು ಟೀ ಅಂಗಡಿ ಇದೆ. ನಾಲ್ಕು ಬೆಂಚು, ಒಂದು ಸಮೋವರ್, ಗಾಜಿನ ಪೆಟ್ಟಿಗೆಯೊಳಗೆ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆದಿದ್ದಾರೆ. ಕೆಳಗಿನ ಗೆರೆ ನನ್ನ ಎದೆಮಟ್ಟಕ್ಕೆ ಬರುತ್ತದೆ. ಅದರ ಪಕ್ಕ 2018 ಎಂದು ಬರೆದಿದೆ. ಮೇಲಿನದು ಹೆಚ್ಚುಕಡಿಮೆ ಮಾಡಿಗೆ ತಾಗುತ್ತದೆ. ಅಲ್ಲಿ ಬರೀ 99 ಎಂದಿದೆ. ಅಂಗಡಿ ಕಟ್ಟಿ ನಲವತ್ತು ವರ್ಷ ಆಗಿರಬಹುದು ಅಷ್ಟೇ. “ಮತ್ತೆ 99ರ ಗೆರೆ ಎಲ್ಲಿಂದ ಬಂತು?” ಎಂದು ಅಂಗಡಿಯ ಚೇಟನನ್ನು (ಮಲಯಾಳದಲ್ಲಿ ಅಣ್ಣ ಎಂದ ಹಾಗೆ) ಕೇಳಿದೆ. “ನನ್ನಜ್ಜ ಹೇಳುತ್ತಿದ್ದ ಕಥೆ ಅಲ್ಲಿಯವರೆಗೆ ಬರುತ್ತದೆ ಸಾರೇ” ಎಂದರು. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

99 ಎಂದರೆ ಕೇರಳದ ಪಂಚಾಂಗದ ಕೊಲ್ಲವರ್ಷ 1099, ನಮ್ಮ ಲೆಕ್ಕಕ್ಕೆ 1924. ಆ ವರ್ಷದ ಜುಲೈಯಲ್ಲಿ, ನಮ್ಮ ಕೊಡಗಿನಲ್ಲಿ ಆಟಿ ತಿಂಗಳು ಹಿಡಿಯುವ ಹೊತ್ತಿಗೆ, ಕೇರಳದಲ್ಲಿ ಮಳೆ ವಾರಗಟ್ಟಲೆ ಬಿಡಲಿಲ್ಲ. ಪೆರಿಯಾರ್ ಉಕ್ಕಿ ಊರಿಗೆ ಊರೇ ನೀರಾಯಿತು. ಮೂನಾರಿನ ಚಹಾ ತೋಟಗಳ ನಡುವೆ ಓಡುತ್ತಿದ್ದ ಪುಟ್ಟ ರೈಲು ಆ ಮಳೆಗೆ ಹಳಿ ಸಮೇತ ಹೋಯಿತು, ಮತ್ತೆ ಯಾರೂ ಅದನ್ನು ಕಟ್ಟಲಿಲ್ಲ. ಆಮೇಲೆ ತೊಂಬತ್ತು ವರ್ಷ ಈ ಕಡೆಯ ಅಜ್ಜಂದಿರಿಗೆ ಅದೇ ಮಾತು. ಮೊಮ್ಮಗ ಮಳೆ ಜಾಸ್ತಿ ಆಯಿತು ಅಂದರೆ ಸಾಕು, “ಇದೊಂದು ಮಳೆಯಾ? ತೊಂಬತ್ತೊಂಬತ್ತರಲ್ಲಿ...” ಎಂದು ಶುರು ಮಾಡುತ್ತಿದ್ದರಂತೆ.

ಚೇಟನ ಅಜ್ಜನ ಕಥೆಯಲ್ಲಿ ಒಂದು ಹಲಸಿನ ಹಣ್ಣು ಬರುತ್ತದೆ. ಅಜ್ಜನ ಮಾವನ ಮನೆಯವರು ನೀರು ಏರಿದಾಗ ಅಟ್ಟ ಹತ್ತಿ ಕೂತರು. ಕೈಗೆ ಸಿಕ್ಕಿದ್ದು ಒಂದೇ ಹಲಸಿನ ಹಣ್ಣು. ಅಟ್ಟದಲ್ಲಿ ಇದ್ದವರು ಒಂಬತ್ತು ಜನ. ಅತ್ತೆಯೂ ಸೊಸೆಯೂ ಅದಕ್ಕೆ ಮೊದಲು ಎರಡು ವರ್ಷದಿಂದ ಮಾತು ಬಿಟ್ಟವರು. ತೊಳೆ ಹಂಚುವುದು ಯಾರು? ಮೂರು ದಿನ ಮೂರು ರಾತ್ರಿ ಅದೇ ಜಗಳ. ಕೊನೆಗೆ ದೋಣಿ ಬಂದಾಗ ಅಂಬಿಗ ಕರೆದರೂ ಇಬ್ಬರೂ ಇಳಿಯಲಿಲ್ಲವಂತೆ, ಲೆಕ್ಕ ಇನ್ನೂ ಮುಗಿದಿರಲಿಲ್ಲ! ಈ ಕಥೆಯನ್ನು ಚೇಟ ಹೇಳುವಾಗ ಅತ್ತೆಯ ಧ್ವನಿ ಬೇರೆ, ಸೊಸೆಯ ಧ್ವನಿ ಬೇರೆ. ಹಣ್ಣಿನ ಮೇಣ ಕೈಗೆ ಅಂಟಿದ್ದನ್ನು ಅವರು ಬೆರಳು ಬಿಡಿಸಿ ತೋರಿಸುತ್ತಾರೆ.

2018ರ ಆಗಸ್ಟ್ 15ರ ಸಂಜೆ ನೀರು ಅವರ ಮನೆಯ ಮೆಟ್ಟಿಲಿಗೆ ಬಂತು. ಹೆಂಡತಿ, “ಸಾಮಾನೆಲ್ಲ ಅಟ್ಟಕ್ಕೆ ಹಾಕೋಣ, ನಾವೂ ಅಲ್ಲೇ ಇದ್ದುಬಿಡೋಣ” ಎಂದರಂತೆ. ಚೇಟ ಹೇಳಿದ್ದು ಒಂದೇ ಮಾತು: “ಹಲಸಿನ ಹಣ್ಣು ಇಲ್ಲ, ನಡಿ.” ಹೆಂಡತಿ ನಗುತ್ತಲೇ ಮಕ್ಕಳನ್ನು ಎಬ್ಬಿಸಿದರು. ಕತ್ತಲಾಗುವ ಮೊದಲೇ ಎತ್ತರದ ಜಾಗದಲ್ಲಿದ್ದ ಶಾಲೆಗೆ ಹೋಗಿ ಮುಟ್ಟಿದರು. ಮರುದಿನ ಅವರ ಮನೆಯಲ್ಲಿ ಅಟ್ಟದವರೆಗೂ ನೀರು.

ಇದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಒಂದು ತಮಾಷೆಯ ಕಥೆ ತೊಂಬತ್ತನಾಲ್ಕು ವರ್ಷ ಬಾಯಿಂದ ಬಾಯಿಗೆ ಬಂದು, ಬೇಕಾದ ಸಂಜೆ ಸರಿಯಾಗಿ ಕೆಲಸಕ್ಕೆ ಬಂತಲ್ಲ! ಬೋಧನೆ ಮಾಡಿದ್ದರೆ ಯಾರು ನೆನಪಿಟ್ಟುಕೊಳ್ಳುತ್ತಿದ್ದರು?

ಆಮೇಲೆ ಚೇಟ ಸುಮ್ನೆ ಕೇಳಿದರು: “ನಿಮ್ಮ ಕೂರ್ಗಿನಲ್ಲಿ ತೊಂಬತ್ತೊಂಬತ್ತಕ್ಕೆ ಏನಂತಾರೆ ಸಾರೇ? ಮಲೆ ಒಂದೇ ಅಲ್ವಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ.

ಚೇಟ ಕೇಳಿದ್ದು ಸರಿಯಾಗಿಯೇ ಇತ್ತು. ಬೆಟ್ಟದ ಆಚೆ ಬಿದ್ದ ಮಳೆ ಈಚೆ ಬೀಳದೆ ಇರುತ್ತದಾ? ಅದೇ 1924ರ ಜುಲೈಯಲ್ಲಿ ಕಾವೇರಿಯೂ ಉಕ್ಕಿದ್ದಳು. ಆ ಹೊಳೆ ಕಂಡ ಅತಿ ದೊಡ್ಡ ಪ್ರವಾಹಗಳಲ್ಲಿ ಅದೂ ಒಂದು. ಅದೇ ವರ್ಷ ಫೆಬ್ರವರಿ 18ರಂದು ಮೈಸೂರೂ ಮದರಾಸೂ ಕಾವೇರಿ ನೀರನ್ನು ಹೇಗೆ ಬಳಸಬೇಕು ಎಂದು ಒಪ್ಪಂದಕ್ಕೆ ಸಹಿ ಹಾಕಿದ್ದವು. ಇವತ್ತಿಗೂ ಮಂಡ್ಯದಲ್ಲಿ ಟೈರಿಗೆ ಬೆಂಕಿ ಬಿದ್ದಾಗಲೆಲ್ಲ ಟೀವಿಯಲ್ಲಿ ಬರುತ್ತದಲ್ಲ, ಅದೇ 1924ರ ಒಪ್ಪಂದ. ಸಹಿ ಬಿದ್ದು ಐದು ತಿಂಗಳಿಗೆ ಹೊಳೆ ಎರಡೂ ದಡ ಮೀರಿತು. ಇದನ್ನು ಚೇಟನಿಗೆ ಹೇಳಿದೆ. ಅವರು ಒಂದು ಕ್ಷಣವೂ ತಡೆಯಲಿಲ್ಲ. “ಹಂಚಿಕೊಳ್ಳಿ ನೋಡೋಣ ಅಂದಿರುತ್ತಾಳೆ ಹೊಳೆ” ಎಂದರು.

ಆ ಕಾವೇರಿ ಹುಟ್ಟುವುದು ನಮ್ಮಲ್ಲಿ. ಅಷ್ಟು ನೀರು ನಮ್ಮ ಬೆಟ್ಟದಿಂದ ಇಳಿದು ಹೋದ ವರ್ಷಕ್ಕೆ ನಮ್ಮ ಮನೆಯಲ್ಲಿ ಒಂದು ಹೆಸರಿಲ್ಲ. ನಾನು ಗಾಳಿಬೀಡಿನ ಕಡೆಯವನು. ಚಿಕ್ಕಂದಿನಲ್ಲಿ ಎಷ್ಟು ಮಳೆ ರಾತ್ರಿ ಒಲೆ ಮುಂದೆ ಕೂತಿಲ್ಲ! ಒಬ್ಬರಾದರೂ ಆ ವರ್ಷದ ಒಂದು ಮಾತು ಹೇಳಿದ ನೆನಪಿಲ್ಲ.

ನಮ್ಮಲ್ಲಿ ಚರಿತ್ರೆ ಗೋಡೆಯ ಮೇಲೆ ಇರುತ್ತದೆ. ಕಾರ್ಯಪ್ಪನವರ ಫೋಟೋ, ತಿಮ್ಮಯ್ಯನವರ ಫೋಟೋ, ಕೋವಿ, ಒಡಿಕತ್ತಿ. ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧದ ಹಬ್ಬಕ್ಕೆ, ಇಳಿಸಿ ಒರೆಸುತ್ತೇವೆ, ಹೂವಿಡುತ್ತೇವೆ, ಮತ್ತೆ ಅಲ್ಲೇ ಇಡುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ನನಗೂ ಆ ದಿನ ಊರಲ್ಲಿರಬೇಕು ಎಂದು ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಆದರೆ ಗೋಡೆಯ ಮೇಲಿದ್ದದ್ದು ಊಟದ ಜಾಗಕ್ಕೆ ಇಳಿದು ಬರುವುದಿಲ್ಲ. ಇವತ್ತಿನ ಮಾತಿನೊಳಗೆ ಸೇರುವುದಿಲ್ಲ. ಸೇರಿದರೂ ಜಗಳವಾಗಿಯೇ ಸೇರುತ್ತದೆ.

ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜನ ಮಾತನ್ನೇ ನೋಡಿ. 1834ರಲ್ಲಿ ಕಂಪನಿಯವರು ಅವನನ್ನು ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳಿಗೆ ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ದೀಕ್ಷಾಸ್ನಾನ ಮಾಡಿಸಿದಳು. ರಾಜ ತನ್ನ ಮನೆತನದ ದುಡ್ಡಿಗಾಗಿ ಅಲ್ಲಿನ ಕೋರ್ಟಿನಲ್ಲಿ ಕಂಪನಿಯ ಮೇಲೆಯೇ ದಾವೆ ಹೂಡಿದ. 1859ರಲ್ಲಿ ಅಲ್ಲೇ ತೀರಿಕೊಂಡ. ದುಡ್ಡು ಕೈಗೆ ಬರಲೇ ಇಲ್ಲ.

ಇದನ್ನು ನಾನು ಟೀ ಅಂಗಡಿಯಲ್ಲಿ ಹೇಳಿದಾಗ ಚೇಟನಿಗೆ ಪ್ರವಾಹದ ಪರಿಹಾರದ ಚಿಂತೆ ಇತ್ತು. ಅಂಗಡಿಗೆ ವಿಮೆ ಮಾಡಿಸಿದ್ದರು. ಅವರ ಕಂಪನಿ ಇವತ್ತು ನಾಳೆ ಎನ್ನುತ್ತಿತ್ತು. ಕಥೆ ಕೇಳಿ ಅವರು ತಲೆ ಮೇಲೆ ಕೈ ಹೊತ್ತರು. “ಅಯ್ಯೋ ಸಾರೇ, ಒಬ್ಬ ರಾಜ, ಹಡಗು ಹತ್ತಿ ಹೋಗಿ, ಮಗಳನ್ನು ರಾಣಿಯ ಕೈಗೆ ಕೊಟ್ಟರೂ ಕಂಪನಿ ದುಡ್ಡು ಕೊಡಲಿಲ್ಲ. ನನ್ನ ಹತ್ತಿರ ಇರುವುದು ಒಂದು ಸ್ಕೂಟರು!” ಅಂದಿನಿಂದ ಆ ಬೆಂಚಿನಲ್ಲಿ ಕೂರುವವರಿಗೆಲ್ಲ ಕೊಡಗಿನ ರಾಜ ಗೊತ್ತು. ಯಾರದ್ದಾದರೂ ಕಾಗದ ಆಫೀಸಿನಿಂದ ವಾಪಸ್ ಬಂದರೆ, “ಕೂರ್ಗ್ ರಾಜನ ಕೇಸು” ಎನ್ನುತ್ತಾರೆ. ಹಾಗೆಂದು ಚೇಟ ಕೈಕಟ್ಟಿ ಕೂರಲಿಲ್ಲ. ರಾಜ ಸತ್ತ ಮೇಲೂ ಕೇಸು ನಡೆದಿತ್ತು ಎಂದು ನಾನು ಹೇಳಿದ್ದಕ್ಕೆ, ವಿಮೆಯ ಕಾಗದದಲ್ಲಿ ಮಗನ ಹೆಸರನ್ನೂ ಸೇರಿಸಿದರು.

ಅದೇ ಕಥೆಯನ್ನು ಊರಲ್ಲಿ ಎತ್ತಿದೆ. ಆಟಿ ಹದಿನೆಂಟರ ಹಬ್ಬಕ್ಕೆ ಹೋಗಿದ್ದೆ. ಮಾಕುಟ್ಟ ಘಾಟಿ ಹತ್ತಿ, ವಿರಾಜಪೇಟೆಯಲ್ಲಿ ಬಸ್ಸು ಬದಲಿಸಿ, ಒದ್ದೆಯಾಗಿ ಮನೆ ಮುಟ್ಟಿದಾಗ ಮದ್ದುಸೊಪ್ಪಿನ ಪಾಯಸದ ವಾಸನೆ. ಹನ್ನೊಂದು ವರ್ಷ ಹೊರಗಿದ್ದವನಿಗೆ ಆ ವಾಸನೆ ಏನು ಮಾಡುತ್ತದೆ ಎಂದು ಬರೆಯಲು ನನಗೆ ಬರುವುದಿಲ್ಲ. ಊಟಕ್ಕೆ ದೊಡ್ಡಪ್ಪ, ಚಿಕ್ಕಪ್ಪ, ಬಾವ, ತಮ್ಮನ ಮಕ್ಕಳು ಎಲ್ಲ ಇದ್ದರು. ನಾನು ರಾಜನ ಹೆಸರು ಎತ್ತಿದ್ದೇ ತಡ, ಚಿಕ್ಕಪ್ಪ ಅವನು ಕ್ರೂರಿ ಎಂದರು. ಬಾವ ಅದೆಲ್ಲ ಇಂಗ್ಲಿಷರು ಹಬ್ಬಿಸಿದ್ದು ಎಂದರು. ಆಮೇಲೆ ಯಾರ ಮನೆತನ ಆಗ ಯಾರ ಕಡೆ ಇತ್ತು ಎಂಬ ಮಾತು ಬಂತು. ದೊಡ್ಡಪ್ಪ ಎಲೆಯಿಂದ ತಲೆ ಎತ್ತದೆ, “ಊಟದ ಹೊತ್ತಲ್ಲಿ ಎಂತಕ್ಕೆ ಅದೆಲ್ಲ” ಎಂದರು. ಅಲ್ಲಿಗೆ ಮುಗಿಯಿತು. ಮಕ್ಕಳು ಮೊಬೈಲು ನೋಡುತ್ತಿದ್ದರು. ಅವರಿಗೆ ಒಂದು ಒಳ್ಳೆಯ ಕಥೆ ತಪ್ಪಿತು.

ಇನ್ನೊಂದು ವಿಷಯ ನನಗೆ ಇನ್ನೂ ಜಾಸ್ತಿ ಬೇಸರ ತರುತ್ತದೆ. ನಾವು ಗೌಡರು ಗುಡ್ಡೆಮನೆ ಅಪ್ಪಯ್ಯಗೌಡರ ಹೆಸರಿಗೆ ಕೈ ಮುಗಿಯುತ್ತೇವೆ. 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಪ್ರತಿ ವರ್ಷ ಹಾರ ಹಾಕುತ್ತೇವೆ, ಶೌರ್ಯದ ಭಾಷಣ ಕೇಳುತ್ತೇವೆ. ಆದರೆ ಅವರ ಜೊತೆ ಅಮರಸುಳ್ಯದ ರೈತರು ಕಂಪನಿಯ ಮೇಲೆ ದಂಗೆ ಎದ್ದದ್ದು ಯಾಕೆ? ರಾಜನ ಕಾಲದಲ್ಲಿ ಕಂದಾಯಕ್ಕೆ ಭತ್ತ ಅಳೆದು ಕೊಟ್ಟರೆ ಆಗುತ್ತಿತ್ತು. ಕಂಪನಿ ಬಂದು, ಆ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿ, ಕಂದಾಯವನ್ನು ರೂಪಾಯಿಯಲ್ಲೇ ಕಟ್ಟಿ ಎಂದಿತು. ಕಣಜದಲ್ಲಿ ಭತ್ತ ಉಂಟು, ಕೈಯಲ್ಲಿ ಕಾಸಿಲ್ಲ. ದಂಗೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಮನೆಮನೆಗೆ ತಟ್ಟಿದ್ದು ಇದು.

2016ರ ನವೆಂಬರಿನಲ್ಲಿ ದೊಡ್ಡಪ್ಪ ಮಡಿಕೇರಿಯ ಒಂದು ಬ್ಯಾಂಕಿನ ಎದುರು ಎರಡು ದಿನ ಸರದಿಯಲ್ಲಿ ನಿಂತರು. ತೋಟದಲ್ಲಿ ಅರೇಬಿಕಾ ಹಣ್ಣಾಗಿತ್ತು, ಕೊಯ್ಯುವವರಿಗೆ ವಾರದ ಕೂಲಿ ಕೊಡಬೇಕಿತ್ತು, ಹಳೆ ನೋಟು ನಡೆಯುತ್ತಿರಲಿಲ್ಲ. ಆ ಸರದಿಯಲ್ಲಿ ನಿಂತವರಲ್ಲಿ ಅರ್ಧ ಜನರ ಹಿರಿಯರು ಕೈಯಲ್ಲಿ ಕಾಸಿಲ್ಲದೆ ಕೆಟ್ಟ ಕಾಲ ಕಂಡವರೇ ಇರಬೇಕು. ನಮ್ಮ ಚೇಟ ಆ ಸರದಿಯಲ್ಲಿ ಇದ್ದಿದ್ದರೆ, “ಭತ್ತ ಅಳೆದು ಕೊಡುತ್ತೇನೆ, ತಗೊಳ್ಳುತ್ತೀರಾ ಎಂದು ಒಳಗೆ ಕೇಳಿ ನೋಡಿ” ಎಂದು ಖಂಡಿತ ಹೇಳುತ್ತಿದ್ದರು. ಜನ ನಗುತ್ತಿದ್ದರು, ಯಾವ ಭತ್ತ ಎಂದು ಯಾರೋ ಒಬ್ಬ ಹುಡುಗ ಕೇಳುತ್ತಿದ್ದ, ಅಪ್ಪಯ್ಯಗೌಡರು ಹಾರದ ಹಿಂದಿನಿಂದ ಈಚೆ ಬಂದು ಆ ಸರದಿಯಲ್ಲಿ ನಿಲ್ಲುತ್ತಿದ್ದರು. ನನಗೆ ಬೇಕಿರುವುದು ಇಷ್ಟೇ.

ಇದು ಚೇಟ ಒಬ್ಬರ ಗುಣ ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ಒಮ್ಮೆ ತ್ರಿಶೂರಿನಲ್ಲಿ ಚಾಕ್ಯಾರ್ ಕೂತ್ತು ನೋಡಿದೆ. ಚಾಕ್ಯಾರ್ ರಾಮಾಯಣದ ಕಥೆ ಹೇಳುತ್ತಾ ಹೇಳುತ್ತಾ ಎದುರು ಕೂತವರನ್ನೇ ಅದರೊಳಗೆ ಎಳೆದುಕೊಳ್ಳುತ್ತಾರೆ. ತಡವಾಗಿ ಬಂದವನು ಲಂಕೆಗೆ ದಾರಿ ತಪ್ಪಿದ ಕಪಿಯಾಗುತ್ತಾನೆ. ಯಾರನ್ನು ಗೇಲಿ ಮಾಡಿದರೂ ಎದುರು ಮಾತಾಡುವ ಹಾಗಿಲ್ಲ, ರಾಜನೇ ಕೂತಿದ್ದರೂ ಕೇಳಿಸಿಕೊಳ್ಳಬೇಕು ಎಂಬುದು ಅವರ ಹಳೆಯ ಕಟ್ಟಳೆ. ಹಿಂದೆ ಇಂಥದೊಂದು ಕೂತ್ತಿನಲ್ಲಿ ಮಿಳಾವು ಎಂಬ ಚರ್ಮವಾದ್ಯ ಬಾರಿಸುತ್ತಾ ತೂಕಡಿಸಿದ ಕವಿ ಕುಂಚನ್ ನಂಬಿಯಾರನ್ನು ಚಾಕ್ಯಾರ್ ಹಂಗಿಸಿದನಂತೆ. ನಂಬಿಯಾರ್ ಸಿಟ್ಟಿನಲ್ಲಿ ಮರುದಿನವೇ ತುಳ್ಳಲ್ ಎಂಬ ಹೊಸ ಕುಣಿತ ಕಟ್ಟಿ, ಚಾಕ್ಯಾರನ ಎದುರಿದ್ದ ಜನರನ್ನೆಲ್ಲ ತನ್ನ ಕಡೆ ಸೆಳೆದನಂತೆ. ಹದಿನೆಂಟನೇ ಶತಮಾನದ ಮಾತು. ಅದನ್ನೂ ಇಲ್ಲಿಯವರು ನಿನ್ನೆ ಪಕ್ಕದ ಬೀದಿಯಲ್ಲಿ ನಡೆದ ಹಾಗೆ ಹೇಳುತ್ತಾರೆ. ಹಳೆಯದನ್ನು ಇವತ್ತಿನದರ ಜೊತೆ ಕೂರಿಸಿ ನಗುವುದಕ್ಕೆ ಇವರಿಗೆ ದೇವಸ್ಥಾನದಲ್ಲೇ ಜಾಗ ಉಂಟು.

ಮತ್ತೆ ನಮ್ಮ ಮನೆಗೆ ಬರುತ್ತೇನೆ. ಆ ದಿನ ಊಟದಲ್ಲಿ ನಿಜವಾದ ಜಗಳ ರಾಜನದ್ದಾಗಿರಲಿಲ್ಲ, ಬಾವನ ಹೋಂಸ್ಟೇಯದ್ದು. ಮನೆಯ ಹಿಂದೆ ಮೇಲಿನ ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಜೆಸಿಬಿಯಲ್ಲಿ ಕಡಿದು ಸಮ ಮಾಡಿ ನಾಲ್ಕು ರೂಮು ಕಟ್ಟಬೇಕು ಎಂದು ಬಾವನ ಆಸೆ. ಆಗ ರೋಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು, ಕೈಯಲ್ಲಿ ದುಡ್ಡು ಆಡುತ್ತಿತ್ತು. ದೊಡ್ಡಪ್ಪ ಬೇಡ ಎನ್ನುತ್ತಾರೆ. ಯಾಕೆ ಬೇಡ ಎಂದರೆ, “ಬೇಡ ಅಂದರೆ ಬೇಡ.” ಬಾವನಿಗೆ ಅದು ಮುದುಕರ ಹಟದ ಹಾಗೆ ಕಾಣುತ್ತದೆ.

ಆ ಮನೆಯಲ್ಲೇ ಚಿಕ್ಕಪ್ಪ ಇದ್ದರು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಹಾರಿದಾಗ ಅವರು ಹೊಸ ಜೀಪು ತಂದಿದ್ದರು. ಅದುವರೆಗೆ ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿಗೇ ಒಪ್ಪಿಸಿ ದುಡ್ಡಿನ ಕಂತಿಗೆ ಕಾಯುತ್ತಿದ್ದವರಿಗೆ ಆಗ ತಾನೇ ಹೊರಗೆ ಮಾರುವ ಅವಕಾಶ ಸಿಕ್ಕಿತ್ತು. ಏಳೆಂಟು ವರ್ಷಕ್ಕೆ ಬೆಲೆ ನೆಲ ಕಚ್ಚಿತು, ಜೀಪು ಹೋಯಿತು, ಅದರ ಹಿಂದೆ ಅರ್ಧ ಎಕರೆಯೂ ಹೋಯಿತು. ಬಾವನಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕಾ? ಚಿಕ್ಕಪ್ಪ ಮಾತಾಡಲಿಲ್ಲ. ನಮ್ಮಲ್ಲಿ ನಷ್ಟದ ಕಥೆ ನಾಚಿಕೆ, ಒಳಗೆ ಮುಚ್ಚಿಡುವಂಥದ್ದು.

ಇನ್ನು 2018. ಅದರ ಬಗ್ಗೆ ಬರೆಯುವಾಗ ನನ್ನ ಕೈ ಈಗಲೂ ನಿಧಾನವಾಗುತ್ತದೆ. ಆಲುವಾದಲ್ಲಿ ನೀರು ಏರಿದ ಅದೇ ವಾರ ಊರಲ್ಲಿ ಬೆಟ್ಟಗಳು ಇಳಿದವು. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಕಾಲೂರು, ಮುಕ್ಕೋಡ್ಲು. ಇಲ್ಲಿ ಕರೆಂಟಿಲ್ಲ, ಅಲ್ಲಿ ಫೋನಿಲ್ಲ. ಎರಡು ದಿನ ನನಗೆ ಯಾರ ಸುದ್ದಿಯೂ ಇಲ್ಲ. ಮರು ವರ್ಷ ತೋರದಲ್ಲಿ, ಅದರ ಮರು ವರ್ಷ ತಲಕಾವೇರಿಯಲ್ಲಿ ಅರ್ಚಕರ ಮನೆಯ ಮೇಲೆಯೇ ಬೆಟ್ಟ ಜಾರಿತು. ಭೂವಿಜ್ಞಾನಿಗಳು ಬಂದು ನೋಡಿ, ಮಳೆಯ ಜೊತೆಗೆ ಬೆಟ್ಟದ ಬುಡ ಕಡಿದದ್ದನ್ನೂ ಕಾರಣ ಎಂದರು. ನಮ್ಮಲ್ಲಿ ಐನ್‌ಮನೆಗಳು, ಅಂದರೆ ಮನೆತನದ ಮೂಲ ಮನೆಗಳು, ಎಲ್ಲಿ ನಿಂತಿವೆ ನೋಡಿ. ಗದ್ದೆಯ ಪಕ್ಕದ ದಿಣ್ಣೆಯಲ್ಲಿ, ಹಿಂದೆ ಮರ ಉಳಿಸಿಕೊಂಡು. ನೂರಾರು ವರ್ಷದ ಮಳೆ ಅವುಗಳ ಮೇಲೆ ಹೋಗಿದೆ. ಆ ಜಾಗ ಯಾಕೆ ಆರಿಸಿದರು ಎಂಬ ಮಾತು ಮಾತ್ರ ನಮಗೆ ಬಂದು ಮುಟ್ಟಲಿಲ್ಲ. ಜಾಗ ಮುಟ್ಟಿತು, ಕಥೆ ಮುಟ್ಟಲಿಲ್ಲ.

ಆಟಿ ಹದಿನೆಂಟರ ಆ ಸಂಜೆ ಕರೆಂಟು ಹೋಯಿತು. ದೊಡ್ಡಪ್ಪ ಟಾರ್ಚ್ ಹುಡುಕಲು ನನ್ನನ್ನು ಅಟ್ಟಕ್ಕೆ ಕಳಿಸಿದರು. ಟಾರ್ಚ್ ಸಿಗಲಿಲ್ಲ. ಏಲಕ್ಕಿಯ ಗೋಣಿಯ ಹಿಂದೆ ಅಜ್ಜನ ಮಳೆ ಪುಸ್ತಕ ಸಿಕ್ಕಿತು.

ಉದ್ದನೆಯ ಲೆಡ್ಜರ್, ಮೂಲೆಗೆ ಗೆದ್ದಲು ಹಿಡಿದಿದೆ. ತೋಟದ ಮನೆಗಳಲ್ಲಿ ಇಂಥದ್ದು ಇರುತ್ತದೆ ಎಂದು ಎಲ್ಲರಿಗೂ ಗೊತ್ತು, ಯಾರೂ ತೆರೆಯುವುದಿಲ್ಲ. ಎಡಗಡೆ ತಾರೀಕು, ಮಧ್ಯೆ ಇಂಚು, ಸೆಂಟ್. ಬಲಗಡೆ ಬೇಕಾದರೆ ಬರೆಯಲು ಜಾಗ. ಅಜ್ಜ ಬರೆದಿದ್ದರು. ನನಗೆ ಗೊತ್ತಿದ್ದ ಅಜ್ಜ ಮೀಸೆಯೊಳಗಿಂದ ದಿನಕ್ಕೆ ನಾಲ್ಕು ಮಾತಾಡುವವರು. ಈ ಪುಸ್ತಕದ ಅಜ್ಜನನ್ನು ನಾನು ನೋಡಿಯೇ ಇರಲಿಲ್ಲ.

ಮೊದಲ ಪುಟಗಳಲ್ಲೇ ಇತ್ತು: “1956 ನವೆಂಬರ್ 1. ಮಳೆ ಇಲ್ಲ. ಇಂದಿನಿಂದ ನಾವು ಮೈಸೂರಿನವರು. ದನಗಳಿಗೆ ಇನ್ನೂ ತಿಳಿಸಿಲ್ಲ.”

ಚಿಮಿಣಿ ದೀಪದ ಬೆಳಕಲ್ಲಿ ಇದನ್ನು ಜೋರಾಗಿ ಓದಿದೆ. ದೊಡ್ಡಪ್ಪ ಮೊದಲು ಏನು ಎಂದರು, ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು. ಮಕ್ಕಳು ಮೊಬೈಲು ಬಿಟ್ಟು ಬಂದರು, ಕರೆಂಟಿಲ್ಲದ್ದೂ ಒಂದು ಕಾರಣ ಇರಬಹುದು. ಕೊಡಗು ಬೇರೆಯೇ ರಾಜ್ಯ ಆಗಿತ್ತಾ ಎಂದು ತಮ್ಮನ ಮಗಳು ಕೇಳಿದಳು. ಆಗಿತ್ತು, ಪೂಣಚ್ಚನವರು ಮುಖ್ಯಮಂತ್ರಿ ಆಗಿದ್ದರು ಎಂದು ದೊಡ್ಡಪ್ಪ ಹೇಳಿದರು. ಇವತ್ತು ಪ್ರತ್ಯೇಕ ಬೇಕು, ಬೇಡ ಎಂದು ನಡೆಯುವ ಮಾತೆಲ್ಲ ಎಲ್ಲಿಂದ ಬಂತು ಎಂದು ಆ ಹುಡುಗಿಗೆ ಹತ್ತು ನಿಮಿಷದಲ್ಲಿ ತಿಳಿಯಿತು. ಜಗಳ ಆಗಲಿಲ್ಲ. ದನಗಳು ಮಧ್ಯೆ ಇದ್ದವಲ್ಲ.

ಮುಂದಕ್ಕೆ 1961ರ ಜುಲೈ. “8-60. ಕೊಟ್ಟಿಗೆಯ ಮಾಡು ಹಾರಿತು. ಎಮ್ಮೆ ಒಳಗೇ ನಿಂತು ನಮ್ಮ ಮುಖ ನೋಡುತ್ತಿದೆ.” ಅದರ ಮರುದಿನ: “7-15. ಮೇಲಿನ ಬರೆ ಬಂತು. ಅಡಿಕೆ ಗಿಡ ಹನ್ನೆರಡು ನಿಂತಲ್ಲೇ ನಡೆದು ಗದ್ದೆಗೆ ಬಂದು ನಿಂತಿವೆ. ಅಲ್ಲಿ ಮನೆ ಕಟ್ಟುತ್ತೇನೆ ಎನ್ನುವವನು ಮೊದಲು ಈ ಅಡಿಕೆ ಗಿಡಗಳ ಹತ್ತಿರ ದಾರಿ ಕೇಳಬೇಕು.”

ಓದಿ ಮುಗಿಸಿದಾಗ ಎಲ್ಲರೂ ನಗುತ್ತಿದ್ದರು. ಬಾವನೂ ನಕ್ಕರು. ಆಮೇಲೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ದೀಪದ ಹತ್ತಿರ ಹಿಡಿದು, ಅದೇ ಪುಟವನ್ನು ಮತ್ತೆ ಓದಿದರು. ಹನ್ನೆರಡಾ, ಎಂದು ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ, ಕತ್ತಲಲ್ಲಿ ಗದ್ದೆಯ ಕಡೆ ಕೈ ತೋರಿಸಿ, ಅಲ್ಲಿಯವರೆಗೆ ಬಂದಿತ್ತು ಎಂದರು. ದೊಡ್ಡಪ್ಪ ಬೇಡ ಎಂದದ್ದು ಆ ಹನ್ನೆರಡು ಗಿಡಗಳಿಂದ! ಇಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡು ಬರೀ ಬೇಡ ಎನ್ನುತ್ತಿದ್ದರು. ಜೆಸಿಬಿಯವನಿಗೆ ಕೊಟ್ಟ ಅಡ್ವಾನ್ಸನ್ನು ಬಾವ ಇನ್ನೂ ವಾಪಸ್ ತೆಗೆದುಕೊಂಡಿಲ್ಲ. ಆದರೆ ಜೆಸಿಬಿ ಬಂದಿಲ್ಲ.

ಹಾಗಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು, ಅಷ್ಟು ಸುಲಭಕ್ಕೆ ಮನಸ್ಸು ಬರುವುದಿಲ್ಲ. ನಮ್ಮಲ್ಲಿ ಇರಲಿಲ್ಲ ಎಂದದ್ದು ಸರಿಯಲ್ಲ. ಅಟ್ಟದಲ್ಲಿ ಇತ್ತು. ದೇವರಪುರದಲ್ಲಿ ಕುಂಡೆ ಹಬ್ಬದ ದಿನ ವೇಷ ಹಾಕಿ ಬರುವವರು ಯಾರನ್ನು ಬಿಡುತ್ತಾರೆ? ದೇವರನ್ನೇ ಬೈಯುತ್ತಾರೆ, ಜೀಪು ನಿಲ್ಲಿಸಿ ದೊಡ್ಡವರನ್ನೂ ಬೈಯುತ್ತಾರೆ, ಆ ವರ್ಷದ ಸುದ್ದಿಯೆಲ್ಲ ಆ ಬೈಗುಳದಲ್ಲಿ ಬರುತ್ತದೆ. ಚಾಕ್ಯಾರನಿಗೆ ಇರುವ ಸ್ವಾತಂತ್ರ್ಯವೇ ಅದು. ಕಾಡಿನ ಹಾಡಿಗಳ ಜನ ಅದನ್ನು ಉಳಿಸಿಕೊಂಡರು, ನಾವು ತೋಟದವರು ರಸ್ತೆ ಬದಿ ನಿಂತು ಚಿಲ್ಲರೆ ಕೊಟ್ಟು ಬಂದೆವು. ಮತ್ತೆ, ನಡಿಕೇರಿಯಂಡ ಚಿಣ್ಣಪ್ಪನವರು ಮನೆಮನೆಯ ಹಾಡುಗಳನ್ನು ಕೂಡಿಸಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದೂ 1924ರಲ್ಲೇ. ಆಲುವಾದವರು ನೀರಿನ ಗೆರೆ ಎಳೆದುಕೊಂಡ ವರ್ಷ ನಮ್ಮವರು ಹಾಡು ಬರೆದಿಟ್ಟುಕೊಂಡರು. ಅದೂ ಸಣ್ಣ ಕೆಲಸವಲ್ಲ.

ಇನ್ನೂ ಒಂದು. ಕೇರಳದವರಿಗೆ 99ನ್ನು ನಗುವಿನ ಕಥೆ ಮಾಡಿಕೊಳ್ಳಲು ತೊಂಬತ್ತು ವರ್ಷ ಸಿಕ್ಕಿತು. ಹಲಸಿನ ಹಣ್ಣಿನ ಕಥೆ ಹೇಳಿದ ಅಜ್ಜ ಆ ವಾರದಲ್ಲಿ ಯಾರನ್ನು ಕಳೆದುಕೊಂಡಿದ್ದರು ಎಂದು ನಾನು ಚೇಟನನ್ನು ಕೇಳಿಲ್ಲ. ಕಾಲೂರಿನಲ್ಲಿ ಮನೆ ಕಳೆದುಕೊಂಡವರ ಎದುರು ನಿಂತು, ನಗುತ್ತಾ ಹೇಳಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ದೊಡ್ಡಪ್ಪನ ಮೌನವನ್ನು ನಾನು ಹಟ ಎಂದುಕೊಂಡಿದ್ದೆ. ಅದರಲ್ಲಿ ಅರ್ಧ ದುಃಖ ಇದ್ದಿರಬೇಕು. ಆದರೂ ನನ್ನ ಅಸಮಾಧಾನ ಪೂರ್ತಿ ಹೋಗಿಲ್ಲ. ಅಜ್ಜನಿಗೆ ಬರೆಯಲು ಬಂತು, ಬರೆದದ್ದನ್ನು ಒಲೆ ಮುಂದೆ ಒಮ್ಮೆಯೂ ಓದಲಿಲ್ಲವಲ್ಲ. ಅರವತ್ತು ವರ್ಷ ಗೆದ್ದಲು ಓದಿತು.

ಆಲುವಾಕ್ಕೆ ವಾಪಸ್ ಬಂದ ಮರುದಿನವೇ ಟೀ ಅಂಗಡಿಗೆ ಹೋದೆ. ಮೊಬೈಲಿನಲ್ಲಿ ತೆಗೆದಿದ್ದ ಪುಟಗಳನ್ನು ತೋರಿಸಿ, ಎಮ್ಮೆಯ ಕಥೆ ಹೇಳಿದೆ, ಅಡಿಕೆ ಗಿಡದ ಕಥೆ ಹೇಳಿದೆ. ಚೇಟ ಗ್ಲಾಸು ತೊಳೆಯುವುದನ್ನು ಬಿಟ್ಟು ಕೇಳಿದರು. ನಕ್ಕರು, ಅಜ್ಜನ ಅಕ್ಷರ ನೋಡಿ ತಲೆದೂಗಿದರು. ಒಂದು ದಿನಕ್ಕೆ ಎಂಟೂವರೆ ಇಂಚಿನ ಮೇಲೆ ಎಂದು ಬೆಂಚಿನವರಿಗೆ ಮಲಯಾಳದಲ್ಲಿ ತಾವೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಈ ಪುಸ್ತಕದಲ್ಲಿ ತೊಂಬತ್ತೊಂಬತ್ತು ಉಂಟಾ ಸಾರೇ?”

“ಇಲ್ಲ ಚೇಟ. ಅಜ್ಜ ಹುಟ್ಟಿದ್ದೇ ಅದರ ನಾಲ್ಕು ವರ್ಷ ಮೇಲೆ.”

“ಹಾಗಾದರೆ ಪಾಪ, ಅವರು ಮಳೆ ನೋಡಿಯೇ ಇಲ್ಲ” ಎಂದು ಅವರು ನನಗೆ ಇನ್ನೊಂದು ಚಹಾ ಕೊಟ್ಟರು.